ಹಿಮ್ಮಾವಿಗೆ ಫಿಲ್ಮ್ ಸಿಟಿ ಬರ್ಲಿ, ಕ್ಯಾಮೆರಾ ಕಲಿಸೋ ಶಾಲೆ ಅದಕ್ಕಿಂತ ಮುಂಚೆ ಬರ್ಲಿ

ಭಾಗ 1

ಫೋಟೋದಲ್ಲಿ ಕಾಣ್ತಿರೋದು ನಮ್ಮ ತಾಂಡ್ಯ ಕೈಗಾರಿಕಾ ಪ್ರದೇಶದ ರಸ್ತೆ. ಎಡಕ್ಕೆ ಕಾಂಪೌಂಡು, ಬಲಕ್ಕೆ ಕಾಂಪೌಂಡು, ಮಧ್ಯೆ ಒಂದು ಲಾರಿ. ಇದರಲ್ಲಿ ನೋಡೋಕೆ ಏನಿದೆ ಅಂತ ಮುಂದಕ್ಕೆ ಹೋಗ್ಬೇಡಿ, ಸ್ವಲ್ಪ ನಿಲ್ಲಿ. ಪಕ್ಕದ ಹಿಮ್ಮಾವಿನಲ್ಲೇ ಸರ್ಕಾರ ಫಿಲ್ಮ್ ಸಿಟಿ ಕಟ್ತೀನಿ ಅಂತಿರೋದು.

ಈ ಮಾತು ಹೊಸದಲ್ಲ ಬಿಡಿ. ಸುಮಾರು ಹತ್ತು ವರ್ಷದಿಂದ ಕೇಳ್ತಾ ಇದ್ದೀವಿ. ಮೊದಲು ಹಿಮ್ಮಾವು ಅಂದ್ರು. 2018ರಲ್ಲಿ ಸರ್ಕಾರ ಬದಲಾಯ್ತು, ರಾಮನಗರ ಅಂದ್ರು. ಆಮೇಲೆ ಇನ್ನೊಂದು ಸರ್ಕಾರ ಬಂತು, ಬೆಂಗಳೂರಿನ ರೋರಿಚ್ ಎಸ್ಟೇಟ್ ಅಂದ್ರು. ಊರೆಲ್ಲ ಸುತ್ತಿ ಈಗ ತಿರುಗಿ ನಮ್ಮ ಕಡೆಗೇ ಬಂದಿದೆ. 2025–26ರ ರಾಜ್ಯ ಬಜೆಟ್‌ನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ, ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ಯೋಜನೆ ಅಂತ ಘೋಷಿಸಿದರು.

ಬರ್ಲಿ. ಬೇಡ ಅನ್ನೋಕೆ ನಾನ್ಯಾರು. ಆದ್ರೆ ನನಗೊಂದು ಪ್ರಶ್ನೆ ಇದೆ. ಆ ಗೇಟಿನ ಒಳಗೆ ನಮ್ಮ ಹುಡುಗ್ರು, ಹುಡುಗೀರು ಏನ್ ಕೆಲಸ ಮಾಡ್ತಾರೆ? ಈ ಸುತ್ತಿನ ಹಳ್ಳಿಗಳಲ್ಲಿ ಕಾರ್ಖಾನೆಗೆ ಜಮೀನು ಕೊಟ್ಟು, ಆಮೇಲೆ ಮನೆಗೊಂದು ಕೆಲಸ ಕೊಡಿ ಅಂತ ಧರಣಿ ಕೂತವರನ್ನ ನೀವೂ ನೋಡಿದ್ದೀರಿ. ಕೊನೆಗೆ ಸಿಗೋದು ಹೆಚ್ಚಾಗಿ ಗೇಟಿನ ಹತ್ತಿರದ ಕುರ್ಚಿ, ಇಲ್ಲಾಂದ್ರೆ ಕ್ಯಾಂಟೀನು, ಇಲ್ಲಾಂದ್ರೆ ಗುತ್ತಿಗೆ ಲೋಡಿಂಗು. ಫಿಲ್ಮ್ ಸಿಟಿಯಲ್ಲೂ ಇದೇ ಆಗಬೇಕಾ?

ಇದಕ್ಕೆ ಉತ್ತರ ಹುಡುಕ್ತಾ ನಾನು ಒಬ್ಬ ಮನುಷ್ಯನ ವೃತ್ತಿಜೀವನವನ್ನ ನಿಮ್ಮ ಮುಂದೆ ಇಡ್ತೀನಿ. ಅವರು ನಮ್ಮ ಜಿಲ್ಲೆಯವರಲ್ಲ, ಕನ್ನಡದವರೂ ಅಲ್ಲ. ಆದ್ರೂ ಅವರ ಕಥೆ ನಮ್ಮದೇ.

ಭಾಗ 2

ಗೋವಿಂದ ನಿಹಲಾನಿ. ಹೆಸರು ಥಟ್ ಅಂತ ಹೊಳೀದಿದ್ರೆ ‘ಅರ್ಧ್ ಸತ್ಯ’ದಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ಓಂ ಪುರಿ ಮುಖ ನೆನಪು ಮಾಡ್ಕೊಳ್ಳಿ. ದೂರದರ್ಶನದ ಕಾಲದವರಾದ್ರೆ ‘ತಮಸ್’ ನೆನಪಿರತ್ತೆ. ಎರಡೂ ಅವರವೇ. ನಿರ್ದೇಶನವೂ ಅವರದು, ಕ್ಯಾಮೆರಾದ ಹಿಂದೆ ಇದ್ದದ್ದೂ ಅವರೇ (ತಮಸ್‌ನಲ್ಲಿ ಜೊತೆಗೆ ಇನ್ನೊಬ್ಬರಿದ್ರು, ಅವರ ವಿಷಯ ಮುಂದೆ ಬರತ್ತೆ).

1940ರಲ್ಲಿ ಕರಾಚಿಯಲ್ಲಿ ಹುಟ್ಟಿದ ಸಿಂಧಿ ಹುಡುಗ. ಏಳು ವರ್ಷ ಆಗೋ ಹೊತ್ತಿಗೆ ದೇಶ ಎರಡಾಯ್ತು. ಮನೆಯವರ ಜೊತೆ ಗಡಿ ದಾಟಿ ರಾಜಸ್ಥಾನದ ಉದಯಪುರಕ್ಕೆ ಬಂದ್ರು. ಅಲ್ಲಿಂದ ಕ್ಯಾಮೆರಾ ಕಲಿಯೋಕೆ ಎಲ್ಲಿಗೆ ಬಂದ್ರು ಗೊತ್ತಾ? ಬೆಂಗಳೂರಿಗೆ. ಕೆ.ಆರ್. ಸರ್ಕಲ್ ಹತ್ತಿರ ಇರೋ ನಮ್ಮ ಎಸ್‌ಜೆಪಿಗೆ, ಅಂದ್ರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ಗೆ. 1962ರಲ್ಲಿ ಸಿನಿಮಾಟೋಗ್ರಫಿಯಲ್ಲಿ ಡಿಪ್ಲೊಮಾ ಮುಗಿಸಿದ್ರು.

ಡಿಪ್ಲೊಮಾ ಅಂದ ತಕ್ಷಣ ಮೂಗು ಮುರೀಬೇಡಿ. ನಮ್ಮಲ್ಲಿ ಮಾರ್ಕ್ಸ್ ಕಮ್ಮಿ ಬಂದ್ರೆ ‘ಡಿಪ್ಲೊಮಾಗೆ ಹಾಕು’ ಅನ್ನೋ ಮಾತಿದೆಯಲ್ಲ, ಅದೇ ಡಿಪ್ಲೊಮಾ. ಮೆಕ್ಯಾನಿಕಲ್ಲು, ಎಲೆಕ್ಟ್ರಿಕಲ್ಲು ಕಲಿಯೋ ಹುಡುಗರ ಪಕ್ಕದ ಕ್ಲಾಸಿನಲ್ಲಿ ಸಿನಿಮಾದ ಬೆಳಕನ್ನೂ ಪಾಠ ಮಾಡ್ತಿದ್ರು. 1943ರಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅಂತ ಶುರುವಾದ ಸಂಸ್ಥೆ ಅದು, ವಿಶ್ವೇಶ್ವರಯ್ಯನವರ ಆಸೆಯಿಂದ ಆಗಿದ್ದು. ಕ್ಯಾಮೆರಾ ಹಿಡಿಯೋದೂ ಒಂದು ಕಸುಬು, ಬಡಗಿಯ ಹಾಗೆ, ಫಿಟ್ಟರ್ ಹಾಗೆ ಕೂತು ಕಲಿಯಬಹುದಾದದ್ದು ಅಂತ ಆ ಕಾಲದ ಮೈಸೂರು ಸಂಸ್ಥಾನಕ್ಕೆ ಹೊಳೆದಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ. ಅಷ್ಟರಲ್ಲಿ ನಮ್ಮ ಎಸ್‌ಜೆಪಿಯಿಂದ ಹೊರಟ ಒಬ್ಬರು ಬೊಂಬಾಯಿಯಲ್ಲಿ ದೊಡ್ಡ ಹೆಸರಾಗಿದ್ರು.

ಭಾಗ 3

ಅವರೇ ವಿ.ಕೆ. ಮೂರ್ತಿ. ಮೈಸೂರಿನವರು, 1923ರಲ್ಲಿ ಹುಟ್ಟಿದವರು. ವಯಲಿನ್ ನುಡಿಸ್ತಿದ್ರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ನೋಡಿ ಬಂದಿದ್ರು. 1946ರಲ್ಲಿ ಎಸ್‌ಜೆಪಿಯ ಡಿಪ್ಲೊಮಾ ಹಿಡ್ಕೊಂಡು ಬೊಂಬಾಯಿಗೆ ಹೋದ್ರು.

‘ಬಾಜಿ’ (1951) ಚಿತ್ರದಲ್ಲಿ ಮೂರ್ತಿ ಇನ್ನೂ ಅಸಿಸ್ಟೆಂಟು. ಗುರುದತ್‌ಗೆ ಅದು ಮೊದಲ ನಿರ್ದೇಶನ. ಒಂದು ಕಷ್ಟದ ಶಾಟ್ ಅನ್ನ ಹೀಗೆ ತೆಗೀಬಹುದು ಅಂತ ಮೂರ್ತಿ ಸೂಚಿಸಿ, ತಾವೇ ತೆಗೆದೂ ತೋರಿಸಿದ್ರಂತೆ. ಮುಂದಿನ ಚಿತ್ರ ‘ಜಾಲ್’ನಿಂದ ಗುರುದತ್ ಅವರನ್ನ ಬಿಡಲೇ ಇಲ್ಲ. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ – ಇವನ್ನ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ನೋಡದೇ ಇರೋರಿಗೆ ಒಂದೇ ಒಂದು ವಿಷಯ ಹೇಳ್ತೀನಿ.

‘ಕಾಗಜ್ ಕೆ ಫೂಲ್’ (1959), ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ ಹಾಡಿದ ಒಂದು ಹಾಡಿಗೆ, ಖಾಲಿ ಸ್ಟುಡಿಯೋದ ಕತ್ತಲೊಳಗೆ ಮೇಲಿಂದ ಒಂದು ಬೆಳಕಿನ ಕೋಲು ಬೀಳತ್ತೆ. ಧೂಳು ತೇಲೋದು ಕಾಣತ್ತೆ. ಅದು ಸ್ಟುಡಿಯೋ ಲೈಟ್ ಅಲ್ಲ. ಹೊರಗಿನ ಬಿಸಿಲಿಗೆ ಒಂದು ದೊಡ್ಡ ಕನ್ನಡಿ ಇಟ್ಟು, ಅದರ ಬೆಳಕನ್ನ ಇನ್ನೊಂದು ಕನ್ನಡಿಗೆ ಬೀಳಿಸಿ ಒಳಗೆ ತಂದದ್ದು. ಸ್ಕೂಲಲ್ಲಿ ಕನ್ನಡಿ ಚೂರು ಹಿಡ್ಕೊಂಡು ಮುಂದಿನ ಬೆಂಚಿನವನ ಕಣ್ಣಿಗೆ ಬಿಸಿಲು ಬಿಟ್ಟು ಮೇಷ್ಟ್ರ ಹತ್ರ ಏಟು ತಿಂದಿದ್ದೀವಲ್ಲ, ಹೆಚ್ಚುಕಮ್ಮಿ ಅದೇ ಆಟ. ಚಿತ್ರ ಆಗ ಸೋತುಹೋಯ್ತು. ಮೂರ್ತಿಗೆ ಫಿಲ್ಮ್‌ಫೇರ್ ಬಂತು. ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಒಬ್ಬ ಛಾಯಾಗ್ರಾಹಕನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಬೆಂಗಳೂರಿನಿಂದ ಡಿಪ್ಲೊಮಾ ತಗೊಂಡು ಬೊಂಬಾಯಿಗೆ ಹೋದ ನಿಹಲಾನಿ ಅಸಿಸ್ಟೆಂಟ್ ಆಗಿ ಸೇರಿದ್ದು ಈ ಮೂರ್ತಿಗಳ ಹತ್ರ. ಅದೇ ಶಾಲೆಯ ಸೀನಿಯರ್ ಹತ್ರ ಜೂನಿಯರ್. ಕರಾಚಿಯ ಹುಡುಗನಿಗೆ ಮೈಸೂರಿನ ಗುರು.

ಭಾಗ 4

ಇಲ್ಲಿ ಒಂದು ಲೆಕ್ಕ ಹಾಕಿ. ಡಿಪ್ಲೊಮಾ 1962. ಸ್ವತಂತ್ರವಾಗಿ ಕ್ಯಾಮೆರಾ ಹಿಡಿದ ಮೊದಲ ಮುಖ್ಯ ಕಥಾಚಿತ್ರ, ಸತ್ಯದೇವ್ ದುಬೆ ಅವರ ‘ಶಾಂತತಾ! ಕೋರ್ಟ್ ಚಾಲೂ ಆಹೆ’, 1971. ತಾವೇ ನಿರ್ದೇಶಿಸಿದ ಮೊದಲ ಚಿತ್ರ ‘ಆಕ್ರೋಶ್’, 1980. ಅಂದ್ರೆ ಪಾಠ ಮುಗಿಸಿ ನಿರ್ದೇಶಕ ಅನ್ನಿಸಿಕೊಳ್ಳೋಕೆ ಹದಿನೆಂಟು ವರ್ಷ. ನಡುವೆ ಶ್ಯಾಮ್ ಬೆನೆಗಲ್ ಜೊತೆ ಜಾಹೀರಾತು ಚಿತ್ರಗಳು. ಆಮೇಲೆ ‘ಅಂಕುರ್’, ‘ನಿಶಾಂತ್’, ‘ಮಂಥನ್’, ‘ಭೂಮಿಕಾ’, ‘ಜುನೂನ್’. ಜುನೂನ್‌ಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ. ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದ ಎರಡನೇ ಘಟಕದಲ್ಲೂ ದುಡಿದ್ರು.

‘ಮಂಥನ್’ ಬಗ್ಗೆ ಒಂದು ಮಾತು ಹೇಳದೆ ಇರೋಕಾಗಲ್ಲ. ಬೆಳಗಾಗೆದ್ದು ಡೈರಿಗೆ ಹಾಲು ಹಾಕೋ ನಮ್ಮೂರಿನವರಿಗೆ ಗೊತ್ತಿರಲಿ ಅಂತ. ಆ ಸಿನಿಮಾದ ನಿರ್ಮಾಪಕರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ತಲಾ 2 ರೂಪಾಯಿ ಹಾಕಿದ್ರು. ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯ.

ಕಾರ್ನಾಡರ ಹೆಸರು ಬಂತಲ್ಲ, ನಮ್ಮ ಜಿಲ್ಲೆಗೆ ವಾಪಸ್ ಬರೋಣ. 1973ರಲ್ಲಿ ಅವರು ನಿರ್ದೇಶಿಸಿದ ‘ಕಾಡು’ ಚಿತ್ರದ ಕ್ಯಾಮೆರಾ ನಿಹಲಾನಿಯವರದು. ಕಾದಂಬರಿ ಶ್ರೀಕೃಷ್ಣ ಆಲನಹಳ್ಳಿಯವರದು, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಆಲನಹಳ್ಳಿ. ಎರಡು ಊರಿನ ದ್ವೇಷ, ಒಂದು ಮನೆಯ ಒಡಕು, ಇದನ್ನೆಲ್ಲ ಅರ್ಧ ಅರ್ಥವಾಗಿ ಅರ್ಧ ಆಗದೆ ನೋಡೋ ಕಿಟ್ಟಿ ಅನ್ನೋ ಪುಟ್ಟ ಹುಡುಗ. ಆ ಪಾತ್ರಕ್ಕೆ ಮಾಸ್ಟರ್ ಜಿ.ಎಸ್. ನಟರಾಜ್‌ಗೂ, ಚಿಕ್ಕಮ್ಮನ ಪಾತ್ರಕ್ಕೆ ನಂದಿನಿ ಭಕ್ತವತ್ಸಲ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಆ ಸಿನಿಮಾ ನೋಡಿ. ನಮ್ಮ ಕಡೆಯ ಊರು, ಜಗಲಿ, ಸಂಜೆ ಮಬ್ಬು, ಮರದ ನೆರಳು. ನಾವು ದಿನಾ ನೋಡೋದೇ. ಆದ್ರೆ ಅಲ್ಲಿ ಕ್ಯಾಮೆರಾ ಹುಡುಗನ ಎತ್ತರಕ್ಕೆ ಕೂತಿದೆ ಅನ್ನಿಸತ್ತೆ. ದೊಡ್ಡವರ ಜಗಳವನ್ನ ಕೆಳಗಿಂದ ನೋಡೋ ಭಯ ಇದೆಯಲ್ಲ, ಅದು ಬರೀ ಡೈಲಾಗಿನಿಂದ ಬಂದದ್ದಲ್ಲ.

ಭಾಗ 5

ಹದಿನೆಂಟು ವರ್ಷ ಬೆಳಕು ನೋಡಿದವನು ನಿರ್ದೇಶಕ ಆದ್ರೆ ಏನಾಗತ್ತೆ? ‘ಆಕ್ರೋಶ್’ ನೋಡಿದ್ರೆ ಗೊತ್ತಾಗತ್ತೆ.

ವಿಜಯ್ ತೆಂಡೂಲ್ಕರ್ ಬರೆದದ್ದು. ಹೆಂಡತಿಯನ್ನ ಕೊಂದ ಅನ್ನೋ ಆರೋಪದಲ್ಲಿ ಒಬ್ಬ ಆದಿವಾಸಿ ಜೈಲಿನಲ್ಲಿದ್ದಾನೆ, ಲಹಾನ್ಯಾ ಭೀಕು. ಓಂ ಪುರಿ ಆ ಪಾತ್ರ ಮಾಡಿದ್ದಾರೆ. ಅವನ ಪರ ವಾದಿಸೋಕೆ ಬಂದ ವಕೀಲ ನಾಸಿರುದ್ದೀನ್ ಷಾ ಎಷ್ಟು ಕೇಳಿದ್ರೂ ಅವನು ಬಾಯಿ ಬಿಡಲ್ಲ. ಸಿನಿಮಾ ಪೂರ್ತಿ ಬಹುಪಾಲು ಆ ಮೌನದ ಮುಖವೇ. ಕೊನೆ ಹೇಳಲ್ಲ, ನೀವೇ ನೋಡಿ.

ಬೇರೆ ನಿರ್ದೇಶಕ ಆಗಿದ್ರೆ ಹೆದರ್ಕೊಂಡು ಒಂದು ಫ್ಲ್ಯಾಶ್‌ಬ್ಯಾಕ್ ಭಾಷಣ, ಒಂದು ಕೋರ್ಟಿನ ಗುಡುಗು ಡೈಲಾಗು ಸೇರಿಸ್ತಿದ್ದ. ನಿಹಲಾನಿ ಸೇರಿಸಲಿಲ್ಲ. ಯಾಕಂದ್ರೆ ಕ್ಯಾಮೆರಾ ಅವರ ಕೈಲೇ ಇತ್ತು. ಒಂದು ಮುಖದ ಮೇಲೆ ಬೆಳಕು ಸರಿಯಾಗಿ ಬಿದ್ರೆ ಜನ ಅದನ್ನ ನೋಡ್ತಾ ಕೂತ್ಕೋತಾರೆ ಅನ್ನೋದು ಅವರಿಗೆ ಕೈಯಿಂದ ಕಲಿತ ವಿದ್ಯೆ. ಇದು ನನ್ನ ಅಭಿಪ್ರಾಯ, ನೀವು ಒಪ್ಪದೇ ಇರಬಹುದು. ಆ ಚಿತ್ರಕ್ಕೆ 1981ರಲ್ಲಿ ನಮ್ಮ ಅಂತರರಾಷ್ಟ್ರೀಯ ಚಿತ್ರೋತ್ಸವದ ಸ್ವರ್ಣ ಮಯೂರ ಬಂತು. 1983ರಲ್ಲಿ ‘ಅರ್ಧ್ ಸತ್ಯ’ ಬಂತು, ಓಂ ಪುರಿಗೆ ರಾಷ್ಟ್ರಪ್ರಶಸ್ತಿ ತಂತು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ‘ತಕ್ಷಕ್’ (1999) ನನಗಂತೂ ಹಿಡಿಸಲಿಲ್ಲ. ಸ್ಟಾರು, ಹಾಡು, ಫೈಟು ಎಲ್ಲ ಇಟ್ಕೊಂಡು ಗಂಭೀರ ಮಾತನ್ನೂ ಹೇಳಬೇಕು ಅಂತ ಹೊರಟು ಎರಡಕ್ಕೂ ಇಲ್ಲದ ಹಾಗೆ ಆಯ್ತು. ಇರ್ಲಿ.

ಭಾಗ 6

ಈಗ ‘ತಮಸ್’ಗೆ ಬರೋಣ. ನನಗೆ ಈ ಸರಣಿ ಬರೀಬೇಕು ಅನ್ನಿಸಿದ್ದೇ ಇದರಿಂದ.

ಭೀಷ್ಮ ಸಾಹನಿಯವರ ಕಾದಂಬರಿ. ವಿಭಜನೆಯ ಹೊತ್ತಿನ ಗಲಭೆ. 1988ರ ಆರಂಭದಲ್ಲಿ ದೂರದರ್ಶನದಲ್ಲಿ ಕಂತು ಕಂತಾಗಿ ಬಂತು, ಎಲ್ಲ ಸೇರಿ ಸುಮಾರು 5 ಗಂಟೆ. ಪ್ರಸಾರ ನಿಲ್ಲಿಸಿ ಅಂತ ಕೋರ್ಟಿಗೆ ಹೋದ್ರು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ತಾವೇ ಕೂತು ನೋಡಿ, ಇದು ತಡೆಯೋ ಚಿತ್ರ ಅಲ್ಲ ಅಂದ್ರು. ಸುಪ್ರೀಂ ಕೋರ್ಟೂ ಅರ್ಜಿ ತಳ್ಳಿಹಾಕಿತು. ಟಿವಿಯವರ ಕೆಲಸ ಅಂದ್ರೆ ಸಿನಿಮಾದವರ ಕೆಲಸಕ್ಕಿಂತ ಕಮ್ಮಿ ಅನ್ನೋರಿಗೆ ಈ ಒಂದು ಉದಾಹರಣೆ ಸಾಕು. ಥಿಯೇಟರಿಗೆ ಹೋಗದ ಅಜ್ಜಿಯರೂ ಅದನ್ನ ಮನೇಲಿ ಕೂತು ನೋಡಿದ್ರು.

ಶುರುವಿನಲ್ಲೇ ಒಂದು ದೃಶ್ಯ ಇದೆ. ಚರ್ಮದ ಕೆಲಸ ಮಾಡೋ ನತ್ಥು, ಮತ್ತೆ ಓಂ ಪುರಿಯೇ, ಯಾರೋ ಹೇಳಿದ್ರು ಅಂತ ದುಡ್ಡಿಗಾಗಿ ಒಂದು ಹಂದಿ ಕೊಲ್ಲೋಕೆ ಒದ್ದಾಡ್ತಾನೆ. ಇಕ್ಕಟ್ಟಾದ ಜಾಗ, ಮಂದ ಬೆಳಕು, ಬೆವರು. ಮುಂದೆ ಊರು ಹೊತ್ತಿ ಉರಿಯೋಕೆ ಆ ಹಂದಿಯೇ ನೆಪ ಆಗತ್ತೆ ಅನ್ನೋದು ಅವನಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆದ್ರೆ ಆ ಬೆಳಕು ನೋಡಿದ್ರೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗತ್ತೆ. ಏಳು ವರ್ಷಕ್ಕೆ ಗಡಿ ದಾಟಿ ಬಂದ ಹುಡುಗ, ನಲವತ್ತು ವರ್ಷ ಆದ್ಮೇಲೆ ಆ ಕತ್ತಲೆಗೆ ಕ್ಯಾಮೆರಾ ಹಿಡಿದ.

ಮತ್ತೆ, ಕ್ಯಾಮೆರಾ ಹಿಡಿದ ಆ ಇನ್ನೊಬ್ಬರು ಯಾರು ಅಂತೀರಾ? ವಿ.ಕೆ. ಮೂರ್ತಿ.

ತಮಸ್‌ನ ಛಾಯಾಗ್ರಹಣ ಅಂತ ಎರಡು ಹೆಸರು ಬರತ್ತೆ, ಮೂರ್ತಿ ಮತ್ತು ನಿಹಲಾನಿ. ಅರವತ್ತು ದಾಟಿದ ಗುರು, ತಮ್ಮ ಅಸಿಸ್ಟೆಂಟ್ ಆಗಿದ್ದ ಹುಡುಗ ನಿರ್ದೇಶಕನಾಗಿ ನಿಂತಾಗ, ಅವನ ಸೆಟ್‌ಗೆ ಬಂದು ಲೈಟು ಮಾಡಿದ್ರು. ಫಾಲ್ಕೆ ಪ್ರಶಸ್ತಿಗಿಂತ ಇದು ನನಗೆ ದೊಡ್ಡದಾಗಿ ಕಾಣತ್ತೆ. ಸಿನಿಮಾದಂಥ ಜಾಗದಲ್ಲಿ, ಅಹಂಕಾರವೇ ಬಂಡವಾಳ ಆಗಿರೋ ಕಡೆ, ಇದು ಹೇಗೆ ಸಾಧ್ಯ ಆಯ್ತು? ಇಬ್ಬರೂ ಕಸುಬಿನವರು ಅನ್ನೋದರಿಂದ. ಕಸುಬಿನವನಿಗೆ ಯಾರ ಹೆಸರು ಮೇಲೆ ಬರತ್ತೆ ಅನ್ನೋದಕ್ಕಿಂತ ಕೆಲಸ ನೆಟ್ಟಗಾಯ್ತಾ ಅನ್ನೋದು ಮುಖ್ಯ. ನಮ್ಮೂರ ಹಳೇ ಬಡಗಿಗಳನ್ನ ನೋಡಿದ್ರೆ ನಿಮಗೆ ಇದು ಗೊತ್ತಿರತ್ತೆ.

ಮೂರ್ತಿಗಳು ಆಮೇಲೆ ಕನ್ನಡಕ್ಕೂ ಬಂದ್ರು. 1993ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮೆರಾ ಅವರದು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ್ರು.

ಭಾಗ 7

‘ಇದೆಲ್ಲ ಹಳೇ ಕಥೆ ಸ್ವಾಮಿ, ಈಗ ಫೋನಲ್ಲೇ ಸಿನಿಮಾ ತೆಗೀತಾರೆ, ಯೂಟ್ಯೂಬ್ ನೋಡಿ ಕಲೀತಾರೆ, ಶಾಲೆ ಯಾಕೆ’ ಅಂತ ನೀವು ಕೇಳಬಹುದು. ಕೇಳಿ, ನ್ಯಾಯವಾದ ಪ್ರಶ್ನೆ. ಮದುವೆ ವಿಡಿಯೋ ಮಾಡ್ತಾ, ರೀಲ್ಸ್ ಮಾಡ್ತಾ ತಾವೇ ಕಲಿತ ಹುಡುಗರು ನಂಜನಗೂಡಿನಲ್ಲೂ ಇದ್ದಾರೆ, ತಿ. ನರಸೀಪುರದಲ್ಲೂ ಇದ್ದಾರೆ. ಕೆಲವರ ಕಣ್ಣು ನಿಜಕ್ಕೂ ಚೆನ್ನಾಗಿದೆ.

ಆದ್ರೆ 500 ಕೋಟಿಯ ಫಿಲ್ಮ್ ಸಿಟಿಗೆ ಬರೋ ದೊಡ್ಡ ಕಂಪನಿಯವರು ಆ ಹುಡುಗನ ರೀಲ್ಸ್ ನೋಡಿ ಒಳಗೆ ಬಿಡಲ್ಲ. ಚೆನ್ನೈ, ಹೈದರಾಬಾದ್, ಮುಂಬೈಯಿಂದ ತಂಡ ತಂದಿರ್ತಾರೆ. ಲೈಟ್‌ಬಾಯ್‌ನಿಂದ ಹಿಡಿದು ಫೋಕಸ್ ಹಿಡಿಯೋನವರೆಗೂ ಅವರದೇ ಜನ. ನಿಹಲಾನಿಗೂ ಮೂರ್ತಿಗೂ ಬೊಂಬಾಯಿಯ ಬಾಗಿಲು ತಟ್ಟೋಕೆ ಕೈಯಲ್ಲಿ ಒಂದು ಕಾಗದ ಇತ್ತು, ಲೈಟ್ ಮೀಟರ್ ಓದೋಕೆ ಬರ್ತಿತ್ತು, ಹಿಂದೆ ಒಂದು ಶಾಲೆಯ ಹೆಸರಿತ್ತು. ಅಪ್ಪ ಸಿನಿಮಾದವನಲ್ಲದ ಹುಡುಗನಿಗೆ ಈ ಮೂರೂ ಬೇಕು.

ಇನ್ನೂ ಒಂದು ಕಾರಣ ಇದೆ. ಮೈಸೂರಿಗೆ ಸ್ಟುಡಿಯೋ ಹೊಸದಲ್ಲ. ಪ್ರೀಮಿಯರ್ ಸ್ಟುಡಿಯೋ ಇತ್ತು. 1989ರ ಫೆಬ್ರವರಿ 8ರಂದು ಅಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಟಿವಿ ಧಾರಾವಾಹಿಯ ಚಿತ್ರೀಕರಣ ನಡೀತಿದ್ದಾಗ ಬೆಂಕಿ ಬಿತ್ತು. 62 ಜನ ಸತ್ತರು. ನಾಯಕ, ನಿರ್ದೇಶಕ ಸಂಜಯ್ ಖಾನ್‌ಗೆ ತೀವ್ರ ಸುಟ್ಟ ಗಾಯ ಆಯ್ತು, ಆ ಹೆಸರು ಎಲ್ಲರಿಗೂ ನೆನಪಿದೆ. ಸತ್ತ 62 ಜನರಲ್ಲಿ ಒಬ್ಬರ ಹೆಸರಾದ್ರೂ ನಿಮಗೆ ಗೊತ್ತಾ? ಸೆಟ್‌ನಲ್ಲಿ ವೈರು ಎಳೆಯೋರು, ಬಟ್ಟೆ ಕಟ್ಟೋರು, ಗುಂಪಿನಲ್ಲಿ ನಿಲ್ಲೋರು ಸುರಕ್ಷಿತವಾಗಿ ಕೆಲಸ ಮಾಡೋಕೂ ಕಲಿತಿರಬೇಕು. ಕಲಿತವರು ‘ಈ ವೈರಿಂಗ್‌ನಲ್ಲಿ ನಾನು ಲೈಟ್ ಹಾಕಲ್ಲ’ ಅಂತ ಹೇಳ್ತಾರೆ. ದಿನಗೂಲಿಗೆ ಬಂದವನು ಹಾಗಂದ್ರೆ ನಾಳೆ ಬರ್ಬೇಡ ಅಂತಾರೆ.

ಭಾಗ 8

ಬೆಂಗಳೂರಿನ ಆಚೆ ತುದಿ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆಯಲ್ಲ ಅಂತೀರಿ. ಇದೆ. ಎಸ್‌ಜೆಪಿಯ ಆ ಕೋರ್ಸುಗಳೇ ಮುಂದೆ ಅಲ್ಲಿಗೆ ಹೋದದ್ದು. ಆದ್ರೆ ತಾಂಡ್ಯದ ಒಂದು ಹುಡುಗಿ ಅಲ್ಲಿ ಹೋಗಿ ರೂಮು ಮಾಡಿ ಓದಬೇಕು ಅಂದ್ರೆ ಮನೇಲಿ ಮೊದಲ ಪ್ರಶ್ನೆಗೇ ನಿಂತುಹೋಗತ್ತೆ. ಶೂಟಿಂಗ್ ಜಾಗವೇ ನಮ್ಮ ಊರಿಗೆ ಬರೋದಾದ್ರೆ, ಶಾಲೆ ಮಾತ್ರ ಅಲ್ಲೇ ಯಾಕಿರಬೇಕು?

ನಾನು ಕೇಳೋದು ದೊಡ್ಡದೇನಲ್ಲ. 150 ಎಕರೆಯಲ್ಲಿ ಎರಡೇ ಎಕರೆ. ಛಾಯಾಗ್ರಹಣ, ಲೈಟಿಂಗ್, ಧ್ವನಿ, ಸಂಕಲನ, ಸೆಟ್ ಎಲೆಕ್ಟ್ರಿಕಲ್ ಕೆಲಸಕ್ಕೆ ಸರ್ಕಾರಿ ಶುಲ್ಕದ ಡಿಪ್ಲೊಮಾ. ಪಿಯುಸಿ ಆದವರಿಗೂ ಐಟಿಐ ಆದವರಿಗೂ ಪ್ರವೇಶ. ಜಮೀನು ಹೋದ ಊರುಗಳ ಮಕ್ಕಳಿಗೆ ಇಷ್ಟು ಸೀಟು ಅಂತ ಬರಹದಲ್ಲಿ. ಹೆಣ್ಣುಮಕ್ಕಳಿಗೆ ಹಾಸ್ಟೆಲ್. ಮತ್ತೆ ಮುಖ್ಯವಾಗಿ, ಅಲ್ಲಿ ಶೂಟಿಂಗ್‌ಗೆ ಬರೋ ಪ್ರತಿ ತಂಡವೂ ಇಂತಿಷ್ಟು ವಿದ್ಯಾರ್ಥಿಗಳನ್ನ ಸಂಬಳ ಕೊಟ್ಟು ಅಸಿಸ್ಟೆಂಟ್ ಆಗಿ ತಗೋಬೇಕು ಅನ್ನೋ ಷರತ್ತು. ಮೂರ್ತಿಗಳ ಹತ್ರ ನಿಹಲಾನಿ ನಿಂತ ಹಾಗೆ ಯಾರಾದ್ರೂ ಒಬ್ಬರ ಹತ್ರ ನಿಲ್ಲೋ ಅವಕಾಶ ಇಲ್ದೇ ಇದ್ರೆ ಡಿಪ್ಲೊಮಾ ಬರೀ ಕಾಗದವೇ. ಇದನ್ನ ಶಾಲೆಯ ಪರ ಮಾತಾಡ್ತಿರೋ ನಾನೇ ಹೇಳ್ತೀನಿ.

ಈ ಷರತ್ತು ಹಾಕೋ ಹೊತ್ತು ಖಾಸಗಿಯವರ ಜೊತೆ ಒಪ್ಪಂದ ಆಗೋಕೆ ಮುಂಚೆ. ಸಹಿ ಬಿದ್ದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ, ಕಾರ್ಖಾನೆ ವಿಷಯದಲ್ಲಿ ಇದನ್ನ ನಾವು ನೋಡಿ ಆಗಿದೆ. ಹಾಗಾಗಿ ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪದ ಜೊತೆ ಇದನ್ನೂ ಒಂದು ಅರ್ಜಿ ಬರೆದು ಕೊಡಿ. ಗ್ರಾಮ ಪಂಚಾಯ್ತಿಯ ನಡಾವಳಿಯಲ್ಲಿ ಬರೆಸಿ, ಪ್ರತಿ ಇಸ್ಕೊಳ್ಳಿ. ಶಾಸಕರ ಕೈಗೆ ಅದೇ ಪ್ರತಿ ಕೊಡಿ. ಅರ್ಜಿ ಬರೆಯೋಕೆ ಮಾದರಿ ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ.

ಅಷ್ಟರಲ್ಲಿ ಮನೇಲಿ ಕ್ಯಾಮೆರಾ ಹುಚ್ಚಿರೋ ಮಗನೋ ಮಗಳೋ ಇದ್ರೆ ಕೂರಿಸ್ಕೊಂಡು ‘ಕಾಡು’ ನೋಡಿ, ಆಮೇಲೆ ‘ತಮಸ್’ನ ಮೊದಲ ಹತ್ತು ನಿಮಿಷ ನೋಡಿ. ದೀಪ ಎಲ್ಲಿಟ್ಟಿದ್ದಾರೆ, ನೆರಳು ಯಾವ ಕಡೆ ಬಿದ್ದಿದೆ ಅಂತ ಅವರನ್ನೇ ಕೇಳಿ. ಅವರು ಏನಂದ್ರು ಅಂತ ಕೆಳಗೆ ಬರೀರಿ, ನಾನು ಎಲ್ಲವನ್ನೂ ಓದ್ತೀನಿ.

#ತಾಂಡ್ಯ #ಹಿಮ್ಮಾವು #ನಂಜನಗೂಡು #ವಿಕೆಮೂರ್ತಿ #ಗೋವಿಂದನಿಹಲಾನಿ #ಚಿತ್ರನಗರಿ